ಪೈಲ್ಸ್ ಆಪರೇಷನ್ ಆಯಿತು, ಇನ್ನು ನೋವಿನ ಮಾತ್ರೆ ಹೇಗೆ?

ಮೂಲವ್ಯಾಧಿ (ಪೈಲ್ಸ್), ಫಿಶರ್ (ಗುದದ್ವಾರದ ಬಿರುಕು), ಫಿಸ್ತುಲಾ (ಗುದದ ಪಕ್ಕ ಕೀವು ಒಸರುವ ತೂತು) ಅಂದರೆ ನಮ್ಮ ಕಾಸರಗೋಡಿನ ಕಡೆ ಬಾಯಿಬಿಟ್ಟು ಹೇಳುವವರು ಕಮ್ಮಿ. "ಮಂಗಳೂರಿನಲ್ಲಿ ಸಣ್ಣ ಕೆಲಸ ಉಂಟು" ಅಂತ ಗಡಿಯ ತಲಪಾಡಿ ದಾಟಿದವರು ಒಂದೆರಡು ದಿನದಲ್ಲಿ ಮಾತ್ರೆ ಚೀಲ ಹಿಡಿದು ವಾಪಸ್ ಬರುತ್ತಾರೆ. ಯಾವುದು ಯಾವುದಕ್ಕೆ ಅಂತ ಕೇಳಲಿಕ್ಕೂ ನಾಚಿಕೆ. ಸರ್ಜನ್ ಬರೆದ ಚೀಟಿಯೇ ಕೊನೆಯ ಮಾತು. ಆ ಚೀಟಿಯನ್ನು ಅರ್ಥ ಮಾಡಿಕೊಳ್ಳಲು ಇದು.

ಮೊದಲ ಮಾತ್ರೆ, ನೋವು ಬರುವ ಮೊದಲು

ಆಪರೇಷನ್ ಮುಗಿಸುವಾಗ ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ಅದರ ಪರಿಣಾಮ ಕೆಲವು ಗಂಟೆ ಮಾತ್ರ. "ಈಗ ನೋವೇ ಇಲ್ಲ, ಮಾತ್ರೆ ಯಾಕೆ?" ಅಂತ ಮಲಗಿದವರು ಮಧ್ಯರಾತ್ರಿ ಎದ್ದು ಕೂರುತ್ತಾರೆ. ಮೊದಲ ಕೆಲವು ದಿನ ಗಡಿಯಾರ ನೋಡಿ ನುಂಗಿ, ನೋವು ನೋಡಿ ಅಲ್ಲ. ಬಂದ ನೋವನ್ನು ಇಳಿಸುವುದಕ್ಕೆ ಜಾಸ್ತಿ ಔಷಧಿ ಬೇಕಾಗುತ್ತದೆ.

ಪ್ಯಾರಾಸಿಟಮಾಲ್ ಲೆಕ್ಕ

ಚಿಕಿತ್ಸೆಯ ಅಡಿಪಾಯ ಇದೇ. ದೊಡ್ಡವರಿಗೆ ಸಾಮಾನ್ಯವಾಗಿ 500ರಿಂದ 1000 ಮಿಲಿಗ್ರಾಂ, ಆರು ಗಂಟೆಗೊಮ್ಮೆ. 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ, ತುಂಬ ತೆಳ್ಳಗಿನವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಮ್ಮಿ.

ಎಡವುವುದು ಇಲ್ಲೇ. ಮಂಗಳೂರಿನ ಚೀಟಿಯಲ್ಲಿದ್ದ ಬ್ರ್ಯಾಂಡ್ ಕುಂಬಳೆಯಲ್ಲಿ ಸಿಗುವುದಿಲ್ಲ, ಬೇರೆ ಹೆಸರಿನದ್ದು ಕೊಡುತ್ತಾರೆ. ಮನೆಯಲ್ಲಿ ಜ್ವರಕ್ಕೆ ತಂದ ಡೋಲೋ ಬೇರೆ ಇರುತ್ತದೆ, ಅದೂ ಪ್ಯಾರಾಸಿಟಮಾಲೇ. ಜೆರೋಡಾಲ್-ಪಿ, ಕಾಂಬಿಫ್ಲಾಮ್, ಅಲ್ಟ್ರಾಸೆಟ್ ಮೂರರ ಹೊಟ್ಟೆಯಲ್ಲೂ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಉಂಟು. ಡೋಲೋ 650 ನಾಲ್ಕು ಸಲ ಅಂದರೆ 2600. ಜೊತೆಗೆ ಜೆರೋಡಾಲ್-ಪಿ ಎರಡು ಸಲ, ಅಲ್ಟ್ರಾಸೆಟ್ ಮೂರು ಸಲ ಸೇರಿದರೆ 4225. ಮಿತಿ ದಾಟಿತು, ಅಲ್ವಾ? ಸ್ಟ್ರಿಪ್ ತಿರುಗಿಸಿ, ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಉರಿಯೂತಕ್ಕೆ ಎರಡನೆಯದ್ದು

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಬಾವು ಇಳಿಸುತ್ತವೆ. ಪ್ಯಾರಾಸಿಟಮಾಲ್ ಜೊತೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಈ ಗುಂಪಿನಿಂದ ಒಂದೇ, ಎರಡು ಬೇಡ. ಊಟದ ಮೇಲೆ ತಗೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಹೃದಯದ ಕಾಯಿಲೆ ಇದ್ದರೆ ಅಥವಾ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಟ್ರಮಡಾಲ್ ಕೈಯಳತೆಯಲ್ಲಿರಲಿ, ದಿನಚರಿಯಲ್ಲಿ ಬೇಡ

ಮೇಲಿನ ಎರಡಕ್ಕೂ ಬಗ್ಗದ ನೋವಿಗೆ ಮಾತ್ರ ಇದು. ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ. ಫಿಟ್ಸ್ ಇರುವವರು, ಡಿಪ್ರೆಷನ್ ಮಾತ್ರೆ ತಿನ್ನುವವರು ಕೇಳದೆ ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡ ತಕರಾರು ಮಲಬದ್ಧತೆ. ನೋವು ಕಮ್ಮಿ ಮಾಡಲು ತಿಂದದ್ದು ಮಲ ಗಟ್ಟಿ ಮಾಡಿ, ಮರುದಿನ ಅದೇ ಗಾಯದ ಮೇಲೆ ನೋವು ತರುತ್ತದೆ.

ಹಾಗಾಗಿ ನನ್ನ ಪ್ರಕಾರ ಮಲ ಮೆತ್ತಗೆ ಮಾಡುವ ಇಸಬ್‌ಗೋಲ್, ಲ್ಯಾಕ್ಟುಲೋಸ್ ಕೂಡ ನೋವಿನ ಔಷಧಿಗಳೇ. ನೋವಿನ ಮಾತ್ರೆ ಶುರುವಾದ ದಿನವೇ ಇವೂ ಶುರುವಾಗಬೇಕು. ಇಸಬ್‌ಗೋಲ್ ಮೇಲೆ ತುಂಬ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಹೆದರಿ ಊಟ ಬಿಡುವವರಿದ್ದಾರೆ. ಬರೀ ಗಂಜಿ ತೆಳಿಯಲ್ಲಿ ದಿನ ದೂಡುವವರೂ ಇದ್ದಾರೆ. ತೆಳಿಯಲ್ಲಿ ನಾರು ಎಲ್ಲಿಂದ ಬರಬೇಕು? ಕುಚ್ಚಲಕ್ಕಿ ಗಂಜಿಯ ಜೊತೆ ಬಸಳೆ, ಹೆಸರುಕಾಳು, ಪಪ್ಪಾಯಿ ಇರಲಿ. ಉಪ್ಪಿನಕಾಯಿ ಭರಣಿ ಸ್ವಲ್ಪ ದಿನ ಮುಚ್ಚಿರಲಿ, ಖಾರ ಹೊರಬರುವಾಗಲೂ ಖಾರವೇ.

ಮೊದಲ ಸಲ ಕಕ್ಕಸಿಗೆ ಹೋಗುವುದೇ ದೊಡ್ಡ ಪರೀಕ್ಷೆ. ಸಾಮಾನ್ಯವಾಗಿ ಹೋಗುವ ಹೊತ್ತಿಗೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಮಾತ್ರೆ ಬರುವ ಹಾಗೆ ಸಮಯ ಹೊಂದಿಸಿಕೊಳ್ಳಿ. ತಿಣುಕಬೇಡಿ. ಆಮೇಲೆ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಕೂತರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ನೀರಿಗೆ ಡೆಟಾಲ್ ಬೇಡ, ಸುಮ್ನೆ ಉರಿ.

ಮುಲಾಮು

ಲಿಗ್ನೊಕೇನ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಡಿಲ್ಟಿಯಾಜೆಮ್, ನೈಟ್ರೋಗ್ಲಿಸರಿನ್ ಮುಲಾಮುಗಳು ಸ್ನಾಯು ಸಡಿಲಿಸುತ್ತವೆ. ನೈಟ್ರೋಗ್ಲಿಸರಿನ್ ಹಚ್ಚಿದರೆ ತಲೆನೋವು ಬರುವುದು ಮಾಮೂಲು. ವಯಾಗ್ರದಂಥ ಮಾತ್ರೆ ತಿನ್ನುವವರಿಗೆ ಅದು ಅಪಾಯ, ಬಿಪಿ ತಟ್ಟನೆ ಬೀಳಬಹುದು. ಕೆಲವು ಸರ್ಜನ್‌ಗಳು ಮೆಟ್ರೊನಿಡಜೋಲ್ ಎಂಬ ಸೋಂಕಿನ ಮಾತ್ರೆಯನ್ನೂ ಬರೆಯುತ್ತಾರೆ. ಅದನ್ನು ತಿನ್ನುವಷ್ಟು ದಿನ ಮದ್ಯ ಮುಟ್ಟಬಾರದು. ಹಳೇ ಪೈಲ್ಸ್ ಟ್ಯೂಬನ್ನು ಹಸಿ ಗಾಯಕ್ಕೆ ಹಚ್ಚಬೇಡಿ, ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ.

ಮಾತ್ರೆಯಿಂದ ಆಗದ್ದು

ಮೂತ್ರ ಕಟ್ಟಿದರೆ, ಜ್ವರ ಬಂದರೆ, ಗಡ್ಡೆಗಟ್ಟಿದ ರಕ್ತ ಹೋದರೆ, ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಡೋಸ್ ಏರಿಸುತ್ತಾ ಕೂರಬೇಡಿ. ವಾರ-ಹತ್ತು ದಿನದ ನಂತರವೂ ಜೋರಾಗಿ ರಕ್ತ ಬರುವ ಸಾಧ್ಯತೆ ಉಂಟು. ಮಂಗಳೂರಿನ ಡಾಕ್ಟರಿಗೇ ತೋರಿಸಬೇಕು ಅಂತ ಕಾಯುವುದು ಬೇಡ, ಹತ್ತಿರದ ಆಸ್ಪತ್ರೆಗೆ ಡಿಸ್ಚಾರ್ಜ್ ಚೀಟಿ ಹಿಡಿದು ಹೋಗಿ.

ಎಲ್ಲ ಸರಿಯಾಗಿದ್ದರೆ ಮೊದಲು ಬಿಡಬೇಕಾದ್ದು ಟ್ರಮಡಾಲ್. ಆಮೇಲೆ ಉರಿಯೂತದ ಮಾತ್ರೆ, ಆಮೇಲೆ ಪ್ಯಾರಾಸಿಟಮಾಲ್. ಇಸಬ್‌ಗೋಲ್ ಮಾತ್ರ ಗಾಯ ಪೂರ್ತಿ ಮಾಗುವವರೆಗೆ ನಡೆಯಲಿ.