ಡಬ್ಬಿ ಇಲ್ಲದ ರೇಜರಿಗೆ ಹೆಸರಿಲ್ಲ

ನಾನು ಮೊದಲು ಕೊಂಡ 'ಹೆಂಗಸರ ರೇಜರ್' ನಿಜಕ್ಕೂ ಹೆಂಗಸರದ್ದೋ ಅಲ್ಲವೋ, ಇವತ್ತಿಗೂ ಹೇಳಲಾರೆ. ಚಿನ್ನದ ಬಣ್ಣ, ಗಿಡ್ಡ ಹಿಡಿ, ಕೈಯಲ್ಲಿ ಇಟ್ಟುಕೊಂಡರೆ ಒಡವೆಯಂತಿತ್ತು. ಮಾರಿದವರು 'ಲೇಡೀಸ್ ರೇಜರ್, ನೂರು ವರ್ಷ ಹಳೆಯದು' ಎಂದರು. ಇಷ್ಟು ಪುಟ್ಟದು, ಇಷ್ಟು ಚೆಂದದ್ದು ಗಂಡಸರದ್ದಾಗಿರಲು ಹೇಗೆ ಸಾಧ್ಯ ಎಂದುಕೊಂಡು ನಾನೂ ತೆಗೆದುಕೊಂಡೆ. ವರ್ಷ ಕಳೆಯುವುದರೊಳಗೆ ತಿಳಿಯಿತು: ಜಿಲೆಟ್ ಕಂಪನಿ ಆ ಕಾಲದಲ್ಲಿ ಗಂಡಸರ ಜೇಬಿಗೆಂದೇ ಇಂಥ ಪುಟ್ಟ, ಗಿಲೀಟು ಹಾಕಿದ ರೇಜರುಗಳನ್ನು ಮಾಡಿತ್ತು. ಗಿಡ್ಡ ದಪ್ಪ ಹಿಡಿಯ ಒಂದು ಬಗೆಗೆ ಸಂಗ್ರಾಹಕರು 'ಬುಲ್‌ಡಾಗ್' ಎಂದೇ ಅಡ್ಡಹೆಸರಿಟ್ಟಿದ್ದಾರೆ. ನನ್ನ 'ಒಡವೆ' ಆ ಜಾತಿಯದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಆ ಪೆಟ್ಟಿನಿಂದಲೇ ನಾನು ಈ ವಿಷಯಕ್ಕೆ ಸರಿಯಾಗಿ ಇಳಿದದ್ದು. ಹೆಂಗಸರಿಗೆಂದು ಮಾರಿದ ಹಳೆಯ ಸೇಫ್ಟಿ ರೇಜರುಗಳಲ್ಲಿ ಬಹಳಷ್ಟರ ಒಳಗಿರುವುದು ಗಂಡಸರ ಯಂತ್ರವೇ. ಬೇರೆಯಾಗಿರುವುದು ಉಡುಪು: ಲೇಪ, ಬಣ್ಣ, ಹಿಡಿಯ ಉದ್ದ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅದು ಮಲಗಿದ್ದ ಡಬ್ಬಿ. ರೇಜರ್ ಒಂದೇ ಸಿಕ್ಕರೆ ಅದರ ತಯಾರಕರನ್ನೂ ಕಾಲವನ್ನೂ ಹೇಳಬಹುದು. ಅದು ಯಾರಿಗಾಗಿ ಹುಟ್ಟಿತು ಎಂಬುದನ್ನು ಹೇಳಬೇಕಾದದ್ದು ಡಬ್ಬಿ.

ಇದಕ್ಕೆ ಮೊದಲ ಉದಾಹರಣೆ ಹೆಂಗಸರ ರೇಜರುಗಳ ಕಥೆಯಲ್ಲಿ ಮೊದಲು ಬರುವ ರೇಜರೇ. 1915ರಲ್ಲಿ ಅಮೆರಿಕದಲ್ಲಿ ಜಿಲೆಟ್ ಕಂಪನಿ 'ಮಿಲೇಡಿ ಡೆಕೊಲೆಟೆ' ಎಂಬ ರೇಜರನ್ನು ಹೆಂಗಸರಿಗೆಂದೇ ಮಾರುಕಟ್ಟೆಗೆ ತಂದಿತು. ತೋಳಿಲ್ಲದ ಉಡುಪುಗಳು ಚಾಲ್ತಿಗೆ ಬಂದ ಕಾಲ. ಕಂಕುಳು ಹೊರಗೆ ಕಾಣತೊಡಗಿತ್ತು. ಜಾಹೀರಾತುಗಳಲ್ಲಿ 'ಶೇವ್' ಎಂಬ ಮಾತನ್ನು ಆದಷ್ಟು ದೂರವಿಟ್ಟು 'ನುಣುಪು' ಎಂಬ ಮಾತನ್ನು ಮುಂದಿಟ್ಟರು. ಕ್ಷೌರವೆಂದರೆ ಗಂಡಸರ ಕೆಲಸ, ಹೆಂಗಸು ಮಾಡಿಕೊಳ್ಳುವುದು ಬೇರೆ ಏನೋ ಎಂಬ ಭಾವನೆ ಉಳಿಯಬೇಕಿತ್ತಲ್ಲ. ಆದರೆ ರೇಜರನ್ನು ಬಿಚ್ಚಿ ಮೂರು ತುಂಡುಗಳನ್ನು ಮೇಜಿನ ಮೇಲಿಟ್ಟರೆ ಕಾಣುವುದು ಅದೇ ಮುಚ್ಚಳ, ಅದೇ ತಟ್ಟೆ, ಅದೇ ಹಿಡಿ. ದಂತದ ಬಣ್ಣದ ಡಬ್ಬಿ, ಅದರೊಳಗಿನ ವೆಲ್ವೆಟ್ಟು, ಸ್ಯಾಟಿನ್ನು ಇದ್ದರೆ ಅದು ಮಿಲೇಡಿ. ಇಲ್ಲದಿದ್ದರೆ ಚಿನ್ನದ ಗಿಲೀಟಿನ ಇನ್ನೊಂದು ಜಿಲೆಟ್, ಅಷ್ಟೆ.

ಹಾಗಾಗಿ ಈಗ ಯಾವ ರೇಜರ್ ಕೈಗೆ ಬಂದರೂ ನಾನು ಮೊದಲು ನೋಡುವುದು ತಲೆಯನ್ನು. ಮುಚ್ಚಳದ ಒಳಗೆ ನಡುವೆ ಒಂದು ತಿರುಪು, ಅಕ್ಕಪಕ್ಕ ಎರಡು ಪುಟ್ಟ ಗೂಟಗಳಿದ್ದರೆ ಅದು ಜಿಲೆಟ್‌ನ ಹಳೆಯ ಮಾದರಿ. ಮೂರು ದುಂಡನೆಯ ತೂತುಗಳಿದ್ದ ಬ್ಲೇಡಿಗಾಗಿ ಮಾಡಿದ್ದು. 1930ರಲ್ಲಿ ಜಿಲೆಟ್ ಮತ್ತು ಆಟೋಸ್ಟ್ರಾಪ್ ಕಂಪನಿಗಳ ಪೇಟೆಂಟ್ ಜಗಳ ವಿಲೀನದಲ್ಲಿ ಮುಗಿದಾಗ, ನಡುವೆ ಉದ್ದನೆಯ ಸೀಳು ಇರುವ ಹೊಸ ಬ್ಲೇಡು ಬಂತು, ತಲೆಯ ಆಕಾರವೂ ಬದಲಾಯಿತು. ಒಂದು ಮಾತು: ರೇಜರಿನೊಳಗೆ ಸಿಕ್ಕ ಬ್ಲೇಡನ್ನು ನೋಡಿ ರೇಜರಿನ ವಯಸ್ಸು ಹೇಳಬೇಡಿ. ಸೀಳಿನ ಬ್ಲೇಡು ಹಳೆಯ ತಲೆಗೂ ಕೂರುತ್ತದೆ. ಅಜ್ಜಿ ಕೊಂಡ ರೇಜರಿಗೆ ಮೊಮ್ಮಗಳು ಬ್ಲೇಡು ಹಾಕಿರಬಹುದು. ಹಳೆಯ ಜಿಲೆಟ್‌ಗಳಲ್ಲಿ ಕ್ರಮಸಂಖ್ಯೆಯೂ ಇರುತ್ತದೆ. ಭೂತಗನ್ನಡಿ ಹಿಡಿದು ಓದಿದರೆ ಕಾಲವನ್ನು ಅಂದಾಜು ಮಾಡಬಹುದು. ಆದರೆ ಸಂಖ್ಯೆಗೆ ಹೆಣ್ಣು ಗಂಡಿನ ಭೇದವಿಲ್ಲ.

ಅಮೆರಿಕದಲ್ಲಿ ತಯಾರಾದ ಐವತ್ತು, ಅರವತ್ತರ ದಶಕದ ಜಿಲೆಟ್‌ಗಳು ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿವೆ. ತಲೆಯ ಅಡಿಭಾಗದಲ್ಲಿ ಒಂದು ಅಕ್ಷರ, ಒಂದು ಅಂಕಿ ಒತ್ತಿರುತ್ತಾರೆ. ಅಕ್ಷರ ವರ್ಷವನ್ನು ಹೇಳುತ್ತದೆ, ಅಂಕಿ ಆ ವರ್ಷದ ಎಷ್ಟನೇ ತ್ರೈಮಾಸಿಕ ಎಂಬುದನ್ನು. ಎ ಎಂದರೆ 1955. ಅಲ್ಲಿಂದ ಬೆರಳು ಮಡಚುತ್ತಾ ಹೋದರೆ ಕೆ 1965, ಎಲ್ 1966, ಎಂ 1967. ನನ್ನ ಹತ್ತಿರ ಇರುವ ಗುಲಾಬಿ ಹಿಡಿಯ 'ಲೇಡಿ ಜಿಲೆಟ್' ಮೇಲೆ 'ಎಲ್ 3' ಇದೆ. ಅಂದರೆ ಅದು 1966ರ ಜುಲೈಯಿಂದ ಸೆಪ್ಟೆಂಬರಿನೊಳಗೆ ತಯಾರಾದದ್ದು. ತಳದ ಗುಂಡಿಯನ್ನು ತಿರುಗಿಸಿದರೆ ತಲೆಯ ಎರಡು ಬಾಗಿಲುಗಳು ಚಿಟ್ಟೆಯ ರೆಕ್ಕೆಯ ಹಾಗೆ ತೆರೆದುಕೊಳ್ಳುತ್ತವೆ. ಅದೇ ಕಾಲದ ಗಂಡಸರ ರೇಜರಿನ ಪಕ್ಕ ಇಟ್ಟರೆ ಬಾಗಿಲೂ ಅದೇ, ತಿರುಗಣೆಯೂ ಅದೇ. ಹಿಡಿ ಮಾತ್ರ ಸಪೂರ, ಮೇಲೆ ಬಣ್ಣ. ಸುಲಭದ ರೇಜರ್ ಇದು, ಗುರುತಿಸಲು ಯಾವ ತಕರಾರೂ ಇಲ್ಲ. ನನಗೇಕೋ ಇಂಥವುಗಳ ಮೇಲೆ ಅಷ್ಟು ಮೋಹವಿಲ್ಲ.

ನನ್ನ ಮೋಹವೆಲ್ಲ ಉಡುಪಷ್ಟೇ ಅಲ್ಲ, ಮೈಯೇ ಬೇರೆಯಾಗಿರುವ ಕೆಲವೇ ರೇಜರುಗಳ ಮೇಲೆ. 'ಕರ್ವ್‌ಫಿಟ್' ಎಂಬ ಅಮೆರಿಕದ ರೇಜರ್ ಅಂಥದ್ದು. ಅದರ ತಲೆಯೇ ಬಾಗಿದೆ. ಕಂಕುಳಿನ ಕುಳಿಗೆ ನೇರ ಅಲಗು ಹೊಂದುವುದಿಲ್ಲ ಎಂಬುದನ್ನು ಯಾರೋ ಕುಳಿತು ಯೋಚಿಸಿದ್ದಾರೆ! ಮಾಮೂಲಿ ಬ್ಲೇಡು ಅದಕ್ಕೆ ಕೂರುವುದಿಲ್ಲ, ಅದಕ್ಕೆಂದೇ ಮಾಡಿದ ಬ್ಲೇಡೇ ಬೇಕು. ಮೊದಲ ಸಲ ಕೈಗೆತ್ತಿಕೊಂಡಾಗ, ಇದನ್ನು ಮಾಡಿದವರು ಗಲ್ಲವನ್ನಲ್ಲ, ತೋಳನ್ನು ಕಣ್ಣ ಮುಂದಿಟ್ಟುಕೊಂಡಿದ್ದರು ಎಂದು ಬೆರಳಿಗೇ ಗೊತ್ತಾಯಿತು. ಇನ್ನೊಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ 'ಲಾರೆಲ್ ಲೇಡೀಸ್ ಬೂಡ್ವಾರ್'. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟದು, ತಗಡಿನ ಚಿಕ್ಕ ಡಬ್ಬಿಯಲ್ಲಿ ಬರುತ್ತಿತ್ತು. ಡಬ್ಬಿಯ ಮೇಲೆಯೇ ಹೆಸರು ಇರುವುದರಿಂದ ತಲೆನೋವಿಲ್ಲ. ಆದರೆ ಡಬ್ಬಿ ಕಳೆದುಹೋದ ಲಾರೆಲ್ಲನ್ನು ಎಷ್ಟೋ ಜನ ಆಟಿಕೆಯೆಂದೋ ಪ್ರವಾಸದ ರೇಜರೆಂದೋ ತಿಳಿದು ಬಿಸಾಡಿರಬೇಕು.

ಇಂಜೆಕ್ಟರ್ ಬಗೆಯವು ಇನ್ನೊಂದು ಕವಲು. 'ಲೇಡಿ ಎವರ್‌ಶಾರ್ಪ್' ಎಂಬ ಹೆಸರಿನಲ್ಲಿ ಬಂದವು ಇದರಲ್ಲಿ ಸೇರುತ್ತವೆ. ಒಂದೇ ಅಲಗಿನ ಬ್ಲೇಡನ್ನು ಪಕ್ಕದಿಂದ ತಳ್ಳಿ ಕೂರಿಸುವ ತಂತ್ರ. ಆ ಬ್ಲೇಡುಗಳು ಈಗಲೂ ತಯಾರಾಗುತ್ತವೆ, ಹಾಗಾಗಿ ಬಳಸುವ ಆಸೆಯಿದ್ದವರಿಗೆ ಇವು ಅನುಕೂಲ.

ಈಗ ನಾನು ಮಾಡಿದ ಅಪರಾಧವನ್ನು ಹೇಳಬೇಕು. ಎರಡನೇ ವರ್ಷ ಒಂದು ಹಳೆಯ ರೇಜರ್ ಸಿಕ್ಕಿತು. ಕಪ್ಪಗಾಗಿತ್ತು, ಸಂದುಗಳಲ್ಲಿ ಮಾತ್ರ ಬಂಗಾರದ ಹೊಳಪು ಇಣುಕುತ್ತಿತ್ತು. ಹಿತ್ತಾಳೆ ಸಾಮಾನು ಉಜ್ಜುವ ಪಾಲಿಶ್ ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಅರ್ಧ ಗಂಟೆ ಉಜ್ಜಿದೆ. ಹೊಳೆಯಿತು. ಇನ್ನಷ್ಟು ಉಜ್ಜಿದೆ, ಇನ್ನೂ ಹೊಳೆಯಿತು. ಮರುದಿನ ಹಗಲು ಬೆಳಕಿನಲ್ಲಿ ನೋಡಿದರೆ ಹೊಳೆಯುತ್ತಿದ್ದದ್ದು ಹಿತ್ತಾಳೆ, ಗಿಲೀಟು ಬಟ್ಟೆಯಲ್ಲಿತ್ತು. ಆ ಲೇಪ ಎಷ್ಟು ತೆಳು ಎಂದರೆ ಪಾಲಿಶ್‌ನಲ್ಲಿರುವ ಸಣ್ಣ ಹರಳುಗಳೇ ಅದನ್ನು ಕೆರೆದು ತೆಗೆಯುತ್ತವೆ. ಇಷ್ಟು ಕಾಲ ಗಾಳಿ ನೀರಿಗೆ ಜಗ್ಗದೆ ಉಳಿದದ್ದನ್ನು ನಾನು ಒಂದೇ ಸಂಜೆಗೆ ಮುಗಿಸಿದೆ. ಈಗ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಹಳೆಯ ಹಲ್ಲುಜ್ಜುವ ಬ್ರಶ್. ಸಂದಿನ ಸೋಪುಗಸಿ ಬಿಡದಿದ್ದರೆ ರಾತ್ರಿ ನೆನೆಹಾಕುತ್ತೇನೆ, ಆಮೇಲೂ ಬಿಡದಿದ್ದರೆ ಇರಲಿ ಬಿಡಿ. ಟೂತ್‌ಪೇಸ್ಟ್ ಕೂಡ ಬೇಡ, ಅದರಲ್ಲೂ ಉಜ್ಜುವ ಪುಡಿ ಇದೆ. ಬಣ್ಣ ಹಾಕಿದ ಅಲ್ಯೂಮಿನಿಯಂ ಹಿಡಿಗಳಿಗೆ ಸೋಡಾ ತಗುಲಿಸಬೇಡಿ.

ಡಬ್ಬಿಗಳ ಆರೈಕೆ ಇದಕ್ಕಿಂತ ಸೂಕ್ಷ್ಮ. ದಂತದ ಬಣ್ಣದ ಆ ಹಳೆಯ ಡಬ್ಬಿಗಳು ನಿಜವಾದ ದಂತದವಲ್ಲ, ಸೆಲ್ಯುಲಾಯ್ಡ್. ದಂತದ ನರಗಳ ಹಾಗೆ ಗೆರೆ ಎಳೆದು 'ಫ್ರೆಂಚ್ ಐವರಿ' ಎಂದು ಮಾರುತ್ತಿದ್ದರು. ಗೆರೆಗಳು ಅಳತೆಗೋಲಿಟ್ಟು ಎಳೆದಷ್ಟು ಸಮಾನಾಂತರವಾಗಿರುವುದೇ ಅದರ ಗುಟ್ಟು. ಬೆರಳಿನಿಂದ ತಿಕ್ಕಿ ಬಿಸಿ ಮಾಡಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದರಲ್ಲಿ ಕರ್ಪೂರವೇ ಇದೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಹಳೆಯ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುವ ವಸ್ತು. ಇನ್ನೂ ಒಂದು ಸಂಕಟವಿದೆ. ಹಳತಾದಂತೆ ಅದು ಕೆಡುತ್ತದೆ, ಕೆಡುವಾಗ ಹೊರಬರುವ ಆಮ್ಲದ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ. ಡಬ್ಬಿಯೇ ರೇಜರಿನ ಗುರುತು ಎಂದು ಇಷ್ಟು ಹೊತ್ತು ಹೇಳಿದವನೇ ಈಗ ಹೇಳುತ್ತಿದ್ದೇನೆ: ಎರಡನ್ನೂ ಒಟ್ಟಿಗೆ ಇಡಬೇಡಿ. ನಾನು ರೇಜರುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಡಬ್ಬಿಗಳನ್ನು ಗಾಳಿಯಾಡುವ, ಬಿಸಿಲು ಬೀಳದ ಕಪಾಟಿನಲ್ಲಿ ಇಡುತ್ತೇನೆ. ಯಾವ ರೇಜರ್ ಯಾವ ಡಬ್ಬಿಯದ್ದು ಎಂದು ಎರಡರಲ್ಲೂ ದಾರದಲ್ಲಿ ಕಟ್ಟಿದ ಚೀಟಿ ಇರುತ್ತದೆ.

ಚೀಟಿಯ ಜೊತೆಗೆ ಒಂದು ನೋಟುಪುಸ್ತಕ. ಕೈಗೆ ಬಂದ ದಿನ, ತೂಕ, ಹಿಡಿಯ ಉದ್ದ, ಕೆತ್ತಿದ ಅಕ್ಷರ, ಅಯಸ್ಕಾಂತ ಹಿಡಿಯಿತೋ ಇಲ್ಲವೋ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ, ಅಂಟಿದರೆ ಒಳಗೆ ಉಕ್ಕಿದೆ. ಕೊನೆಯಲ್ಲಿ ಎರಡು ಕಾಲಂ ಇವೆ: 'ಕಣ್ಣಾರೆ ಕಂಡದ್ದು', 'ಮಾರಿದವರು ಹೇಳಿದ್ದು'. ಮೊದಲ ವರ್ಷ ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡು, ಆಮೇಲೆ ಯಾವುದು ಯಾವುದು ಎಂದು ಬಿಡಿಸಲಾಗದೆ ಒದ್ದಾಡಿದ್ದೇನೆ.

ಕಪಾಟಿನ ಮೇಲಿನ ಅಂಕಣದಲ್ಲಿ ಒಂದು ಖಾಲಿ ಡಬ್ಬಿ ಇದೆ. ದಂತದ ಬಣ್ಣದ್ದು, ಒಳಗಿನ ವೆಲ್ವೆಟ್ಟು ಮಾಸಿದೆ, ರೇಜರ್ ಮಲಗಿದ್ದ ಗುಳಿ ಮಾತ್ರ ಅಚ್ಚೊತ್ತಿದ ಹಾಗೆ ಉಳಿದಿದೆ. ಮೊದಲು ಕೊಂಡ ಆ ಚಿನ್ನದ ಬಣ್ಣದ ರೇಜರನ್ನು ಒಂದು ಸಲ ಅದರಲ್ಲಿಟ್ಟು ನೋಡಿದೆ. ತಲೆ ಸರಿಯಾಗಿ ಕೂತಿತು. ಹಿಡಿ ಗುಳಿಯಲ್ಲಿ ಸ್ವಲ್ಪ ಅಲ್ಲಾಡಿತು. ತೆಗೆದು ಪಕ್ಕಕ್ಕಿಟ್ಟು, ಚೀಟಿಯಲ್ಲಿ 'ಖಾಲಿ' ಎಂದು ಬರೆದೆ.