ಇಂಗ್ಲೆಂಡಿನಲ್ಲಿ ಬೆಕ್ಕು ಸಾಕಿದ್ದೀರಾ? ವರ್ಷದ ವೆಟ್ ಭೇಟಿ ತಪ್ಪಿಸಬೇಡಿ

ಇಲ್ಲಿ ಮನುಷ್ಯರಿಗೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಇದೆ, ಬೆಕ್ಕಿಗಿಲ್ಲ. ಊರಲ್ಲಿದ್ದಂಥ ಸರ್ಕಾರಿ ಪಶು ಆಸ್ಪತ್ರೆಯೂ ಇಲ್ಲ. ವೆಟ್ (ಪಶುವೈದ್ಯರ) ಕ್ಲಿನಿಕ್‌ಗಳು ಖಾಸಗಿ. ಬಿಲ್ಲಿನ ಮೇಲೆ 20% ವ್ಯಾಟ್ ಬೇರೆ. ಪಿಡಿಎಸ್‌ಎ, ಬ್ಲೂ ಕ್ರಾಸ್‌ನಂಥ ಸೇವಾಸಂಸ್ಥೆಗಳು ಕಡಿಮೆ ದರದಲ್ಲಿ ನೋಡುವುದು ಹೆಚ್ಚಾಗಿ ಸರ್ಕಾರಿ ಬೆನಿಫಿಟ್ (ಸಹಾಯಧನ) ಪಡೆಯುವವರ ಪ್ರಾಣಿಗಳನ್ನು. ವರ್ಕ್ ಅಥವಾ ಸ್ಟೂಡೆಂಟ್ ವೀಸಾದಲ್ಲಿರುವವರಿಗೆ ಆ ಬೆನಿಫಿಟ್ ಸಾಮಾನ್ಯವಾಗಿ ಸಿಗದ ಕಾರಣ, ಅದನ್ನು ನೆಚ್ಚಿ ಕೂರಬೇಡಿ.

ಕಾಯಿಲೆ ಬಂದಾಗ ನೋಡಿಕೊಳ್ಳೋಣ ಎಂದರೆ ಇಲ್ಲಿ ನಡೆಯುವುದಿಲ್ಲ. ಬೆಕ್ಕು ಮನೆಗೆ ಬಂದ ವಾರದಲ್ಲೇ ಹತ್ತಿರದ ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿ. ರಾತ್ರಿ ಮತ್ತು ಭಾನುವಾರದ ತುರ್ತಿಗೆ ಎಲ್ಲಿಗೆ ಹೋಗಬೇಕೆಂದು ಆಗಲೇ ಕೇಳಿಟ್ಟುಕೊಳ್ಳಿ. ಹಲವು ಕ್ಲಿನಿಕ್‌ಗಳು ಆ ಹೊತ್ತಿನ ಕೇಸುಗಳನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತವೆ. ಅದು ದೂರವಿರಬಹುದು, ಬಿಲ್ಲೂ ದುಬಾರಿ.

ಲಸಿಕೆ ಮರಿಗೆ ಎಂಟೊಂಬತ್ತು ವಾರಕ್ಕೆ ಶುರು. ಮೂರು-ನಾಲ್ಕು ವಾರ ಬಿಟ್ಟು ಎರಡನೆಯದು. ಕ್ಯಾಟ್ ಫ್ಲೂ, ಎಂಟರೈಟಿಸ್ (ಕರುಳಿನ ವೈರಸ್ ಸೋಂಕು) ಲಸಿಕೆಗಳು ಎಲ್ಲ ಬೆಕ್ಕಿಗೂ ಬೇಕು. ಹೊರಗೆ ತಿರುಗುವ ಬೆಕ್ಕಿಗೆ ಲ್ಯುಕೇಮಿಯಾ ವೈರಸ್‌ನ ಲಸಿಕೆಯೂ ಸೇರುತ್ತದೆ. ಬ್ರಿಟನ್ನಿನ ನಾಯಿ-ಬೆಕ್ಕುಗಳಲ್ಲಿ ರೇಬೀಸ್ ಇಲ್ಲದ ಕಾರಣ, ವಿದೇಶಕ್ಕೆ ಒಯ್ಯುವುದಿದ್ದರೆ ಮಾತ್ರ ಆ ಲಸಿಕೆ. ಊರಿನ ಅಭ್ಯಾಸದಲ್ಲಿ ಮೊದಲು ಅದನ್ನೇ ಕೇಳಿದರೆ ವೆಟ್ ಹುಬ್ಬೇರಿಸುತ್ತಾರೆ. ಮುಂದೆ ವರ್ಷಕ್ಕೊಂದು ಬೂಸ್ಟರ್. ಪ್ರತಿ ವರ್ಷವೂ ಎಲ್ಲ ಲಸಿಕೆ ಬೇಕಿಲ್ಲ. ಎಂಟರೈಟಿಸ್‌ಗೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಸಾಕು. ಆದರೆ ಬೂಸ್ಟರ್ ಕೆಲವು ತಿಂಗಳು ತಡವಾದರೆ ಎರಡು ಡೋಸನ್ನೂ ಮೊದಲಿನಿಂದ ಹಾಕಿಸಬೇಕಾಗಬಹುದು.

ಸೂಜಿಗಿಂತಲೂ ಅದಕ್ಕೆ ಮುಂಚಿನ ಹತ್ತು ನಿಮಿಷವೇ ಮುಖ್ಯ. ತೂಕ, ಹಲ್ಲು-ವಸಡು, ಎದೆಬಡಿತ, ಹೊಟ್ಟೆ, ಚರ್ಮ ಎಲ್ಲ ನೋಡುತ್ತಾರೆ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ನಾಲ್ಕು ಕೆಜಿ ಬೆಕ್ಕು 400 ಗ್ರಾಂ ಇಳಿದರೆ ಅದು ಹತ್ತನೇ ಒಂದು ಭಾಗ, ಆದರೂ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ವಯಸ್ಸಾದ ಬೆಕ್ಕಿಗೆ ಮೂತ್ರಪಿಂಡ, ಥೈರಾಯ್ಡ್, ರಕ್ತದೊತ್ತಡದ ತೊಂದರೆ ಸಾಮಾನ್ಯ. ಹತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳಿ. ಮೊಸರನ್ನ, ಹಾಲು ಬೆಕ್ಕಿನ ಊಟವಾಗುವುದಿಲ್ಲ: ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮುಖ್ಯವಾಗಿ ಮಾಂಸ-ಮೀನಿನಲ್ಲಿದೆ, ಕೊರತೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು ಕೂಡ ವಿಷವೇ. ಹೂದಾನಿಯ ಲಿಲಿಯಂತೂ ಪರಾಗ ನೆಕ್ಕಿದರೂ ಸಾಕು, ಮೂತ್ರಪಿಂಡ ಹೋಗುತ್ತದೆ.

ಚಿಗಟ, ಜಂತುಹುಳುವಿನ ಒಳ್ಳೆಯ ಔಷಧಿಗಳಲ್ಲಿ ಹಲವಕ್ಕೆ ವೆಟ್ ಚೀಟಿ ಬೇಕು. ಬೆಕ್ಕನ್ನು ನೋಡದೆ ಎಷ್ಟೋ ಕಾಲವಾಗಿದ್ದರೆ ಚೀಟಿ ಬರೆಯುವುದಿಲ್ಲ. ವಾರ್ಷಿಕ ಭೇಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಕ್ಲಿನಿಕ್‌ನಲ್ಲೇ ಕೊಳ್ಳಬೇಕೆಂದಿಲ್ಲ, ಶುಲ್ಕ ಕೊಟ್ಟು ಚೀಟಿ ಬರೆಸಿಕೊಂಡು ಆನ್‌ಲೈನ್‌ನಲ್ಲಿ ತರಿಸಬಹುದು. ದೀರ್ಘಕಾಲದ ಔಷಧಿಗೆ ಇದು ಎಷ್ಟೋ ಅಗ್ಗ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ನಾಯಿಯ ಚಿಗಟದ ಹನಿಗಳನ್ನು ಬೆಕ್ಕಿಗೆ ಹಾಕಲೇಬೇಡಿ. ಅವುಗಳಲ್ಲಿ ಕೆಲವದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ, ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ. ನಡುಕ, ಸೆಳೆತ ಬಂದು ಸಾಯಬಹುದು.

ಕ್ಲಿನಿಕ್‌ನವರು ಹೇಳುವ ತಿಂಗಳ ಕಂತಿನ ಹೆಲ್ತ್ ಪ್ಲಾನ್‌ಗೂ ಇನ್ಶೂರೆನ್ಸ್‌ಗೂ ಸಂಬಂಧವಿಲ್ಲ. ಪ್ಲಾನ್‌ನಲ್ಲಿ ಲಸಿಕೆ, ಚಿಗಟದ ಮದ್ದು ಬರುತ್ತದೆ. ಅಪಘಾತ, ಕಾಯಿಲೆಗೆ ಇನ್ಶೂರೆನ್ಸ್ ಬೇಕು. ಈಗಾಗಲೇ ಇರುವ ಕಾಯಿಲೆಯನ್ನು ಪಾಲಿಸಿ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಕ್ಲೇಮ್ ಬಂದಾಗ ವೆಟ್ ದಾಖಲೆಯನ್ನು ಪೂರ್ತಿ ತರಿಸಿ ಓದುತ್ತಾರೆ. ಆದ್ದರಿಂದ ಮರಿಯಿದ್ದಾಗಲೇ ಮಾಡಿಸಿ. ಲಸಿಕೆ, ಹಲ್ಲಿನ ತಪಾಸಣೆ ಬಿಟ್ಟವರ ಕ್ಲೇಮ್ ತಿರಸ್ಕರಿಸುವ ಷರತ್ತೂ ಅನೇಕ ಪಾಲಿಸಿಗಳಲ್ಲಿದೆ.

2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಸಾಕುಬೆಕ್ಕಿಗೆ 20 ವಾರ ತುಂಬುವುದರೊಳಗೆ ಚರ್ಮದಡಿ ಮೈಕ್ರೋಚಿಪ್ (ಗುರುತಿನ ಚಿಪ್) ಹಾಕಿಸುವುದು ಕಡ್ಡಾಯ. ಸಿಕ್ಕಿಬಿದ್ದರೆ 21 ದಿನದ ಗಡುವು, ಮೀರಿದರೆ 500 ಪೌಂಡ್‌ವರೆಗೆ ದಂಡ. ಚಿಪ್‌ನಲ್ಲಿರುವುದು ಬರೀ 15 ಅಂಕಿಯ ಸಂಖ್ಯೆ; ನಿಮ್ಮ ಹೆಸರು, ಫೋನ್ ಇರುವುದು ಡೇಟಾಬೇಸ್‌ನಲ್ಲಿ. ಬಾಡಿಗೆ ಮನೆ ಬದಲಿಸಿದಾಗ ಜನ ಮರೆಯುವುದು ಆ ವಿವರ ತಿದ್ದಿಸುವುದನ್ನೇ. ಚಿಪ್ ಓದುತ್ತದೆಯೇ ಎಂದು ವರ್ಷದ ಭೇಟಿಯಲ್ಲೇ ಸ್ಕ್ಯಾನ್ ಮಾಡಿಸಿ.

ಬೆಕ್ಕನ್ನು ಒಯ್ಯುವ ಕ್ಯಾರಿಯರನ್ನು ಭೇಟಿಯ ದಿನವೇ ಅಟ್ಟದಿಂದ ಇಳಿಸಬೇಡಿ, ಬೆಕ್ಕು ಮಂಚದಡಿ ಸೇರಿಬಿಡುತ್ತದೆ. ವಾರ ಮೊದಲೇ ಹಳೇ ಟವೆಲ್ ಹಾಸಿ ತೆರೆದಿಡಿ. ಇನ್ನು ರಜೆಗೆ ಊರಿಗೆ ಹೊರಡುವವರು ಟಿಕೆಟ್ ಬುಕ್ ಮಾಡಿದ ದಿನವೇ ಲಸಿಕೆ ಕಾರ್ಡ್ ತೆಗೆದು ನೋಡಿ. ಲೈಸೆನ್ಸ್ ಇರುವ ಕ್ಯಾಟರಿಗಳು (ಮಾಲೀಕರು ಊರಲ್ಲಿಲ್ಲದಾಗ ಬೆಕ್ಕನ್ನು ನೋಡಿಕೊಳ್ಳುವ ತಾಣಗಳು) ಚಾಲ್ತಿಯಲ್ಲಿರುವ ಕಾರ್ಡ್ ಇಲ್ಲದೆ ಬೆಕ್ಕನ್ನು ಇಟ್ಟುಕೊಳ್ಳುವುದಿಲ್ಲ. ಬೂಸ್ಟರ್ ತಪ್ಪಿ ಮೊದಲಿನಿಂದ ಹಾಕಿಸಬೇಕಾಗಿ ಬಂದರೆ ಎರಡು ಡೋಸಿನ ನಡುವಿನ ಅಂತರವೇ ಮೂರು-ನಾಲ್ಕು ವಾರ.