ಬ್ರಿಟನ್ನಿನ ಚಳಿಗೆ ಕ್ಯಾರವಾನ್: ಬಿಸಿಗಾಳಿಯೋ, ಬಿಸಿನೀರೋ?

ಬ್ರಿಟನ್ನಿನಲ್ಲಿ ಹಳೆಯ ಟೂರಿಂಗ್ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ, ಕೊಳ್ಳಲು ಹೊರಡುವ ನಮ್ಮವರು ಎಷ್ಟು ಮಂದಿ ಮಲಗಬಹುದು, ಅಡುಗೆಕಟ್ಟೆ ಎಷ್ಟು ದೊಡ್ಡದು ಎಂದು ನೋಡುತ್ತಾರೆಯೇ ಹೊರತು, ಒಳಗಿರುವ ಹೀಟರ್ ಯಾವ ಬಗೆಯದೆಂದು ವಿಚಾರಿಸುವುದು ಕಡಿಮೆ. ಅಕ್ಟೋಬರ್ ಕಳೆದ ಮೇಲೂ ಗಾಡಿಯನ್ನು ಬಳಸುವ ಯೋಚನೆಯಿದ್ದರೆ ಮೊದಲು ವಿಚಾರಿಸಬೇಕಾದದ್ದು ಅದನ್ನೇ.

ಈಚಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ವ್ಯವಸ್ಥೆಗಳು ಕಾಣಸಿಗುತ್ತವೆ. ಜರ್ಮನಿಯ ಟ್ರೂಮಾ ಕಂಪನಿಯ ಕಾಂಬಿ ಹೀಟರ್ ಗಾಳಿಯನ್ನು ಕಾಯಿಸಿ ಫ್ಯಾನಿನ ಸಹಾಯದಿಂದ ಕೊಳವೆಗಳ ಮೂಲಕ ಹರಡುತ್ತದೆ. ಅದರಲ್ಲೇ 10 ಲೀಟರ್ ಸ್ನಾನದ ನೀರೂ ಕಾಯುತ್ತದೆ. ಸ್ವೀಡನ್ನಿನ ಆಲ್ಡೆ ವ್ಯವಸ್ಥೆಯಲ್ಲಿ ಹೆಪ್ಪುಗಟ್ಟದಂತೆ ಗ್ಲೈಕಾಲ್ ಎಂಬ ದ್ರವ ಬೆರೆಸಿದ ಬಿಸಿನೀರು ಗೋಡೆಯ ಬುಡದ ರೇಡಿಯೇಟರ್‌ಗಳಲ್ಲಿ ಸುತ್ತುತ್ತಿರುತ್ತದೆ. ಬಿಸಿಗಾಳಿ ಬೇಗ ಬೆಚ್ಚಗಾಗಿಸುತ್ತದೆ, ಆದರೆ ರಾತ್ರಿಯಿಡೀ ಫ್ಯಾನಿನ ಸದ್ದು ತಪ್ಪುವುದಿಲ್ಲ. ಆಲ್ಡೆ ನಿಧಾನ, ನಿಶ್ಶಬ್ದ, ಮೂಲೆಯ ಹಾಸಿಗೆಯೂ ತಣ್ಣಗಿರುವುದಿಲ್ಲ, ಆದರೆ ಬೆಲೆಯೂ ತೂಕವೂ ಹೆಚ್ಚು. ಶುಕ್ರವಾರ ಸಂಜೆ ಹೋಗಿ ಭಾನುವಾರ ಮರಳುವವರಿಗೆ ಬಿಸಿಗಾಳಿಯೇ ಸಾಕೆಂಬುದು ನನ್ನ ಅಭಿಪ್ರಾಯ.

ಹೀಟರ್ ಯಾವುದಾದರೂ, ವಿದ್ಯುತ್ತಿನಲ್ಲಿ ಓಡಿಸುವಾಗ, ಗಾಡಿಗೆ ವಿದ್ಯುತ್ ಒದಗಿಸುವ ಕ್ಯಾಂಪ್‌ಸೈಟಿನ ಕಂಬದ ಮಿತಿಯನ್ನು ಮೀರುವಂತಿಲ್ಲ. ಇಲ್ಲಿ ಸಾಮಾನ್ಯವಾಗಿ 16 ಅಥವಾ 10 ಆಂಪಿಯರ್ ದೊರೆಯುತ್ತದೆ. ಯುರೋಪಿನ ಎಷ್ಟೋ ಕಡೆ 6 ಆಂಪಿಯರ್ ಮಾತ್ರ. 230 ವೋಲ್ಟ್‌ನ ಲೆಕ್ಕದಲ್ಲಿ 10 ಆಂಪಿಯರ್ ಎಂದರೆ 2,300 ವ್ಯಾಟ್. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಒಂದು ನವೆಂಬರ್ ಬೆಳಿಗ್ಗೆ, ಆಲ್ಡೆ 2 ಕಿಲೋವ್ಯಾಟ್‌ನಲ್ಲಿ ಓಡುತ್ತಿದ್ದಾಗ ಡಿಕಾಕ್ಷನ್‌ಗೆಂದು ನಾನು ಮನೆಯಿಂದ ತಂದಿದ್ದ ಕೆಟಲ್ ಹಾಕಿದ್ದೇ ತಡ, ದೀಪ, ಹೀಟರ್ ಎಲ್ಲ ಆರಿದವು. ಕಂಬದ ಪೆಟ್ಟಿಗೆಗೆ ಬೀಗವಿದ್ದುದರಿಂದ ವಾರ್ಡನ್ ಬರುವವರೆಗೆ ಶಾಲು ಹೊದ್ದು ಕುಳಿತೆವು. ಅಂಥ ಕಡೆ ವಿದ್ಯುತ್ತನ್ನು 1 ಕಿಲೋವ್ಯಾಟ್‌ಗೆ ಇಳಿಸಿ, ಉಳಿದದ್ದನ್ನು ಗ್ಯಾಸಿಗೆ ಬಿಡಬೇಕು. ಎರಡನ್ನೂ ಒಟ್ಟಿಗೆ ಬಳಸಲು ಎರಡು ವ್ಯವಸ್ಥೆಗಳಲ್ಲಿಯೂ ಅವಕಾಶವಿದೆ.

ಗ್ಯಾಸಿನ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ನೆರವಿಗೆ ಬರುವುದಿಲ್ಲ. ಅಲ್ಲಿನ ಅಡುಗೆಮನೆಯ ಸಿಲಿಂಡರ್‌ನಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತಿರುತ್ತವೆ; ಇಲ್ಲಿ ಕೆಂಪು ಸಿಲಿಂಡರ್‌ನಲ್ಲಿ ಪ್ರೊಪೇನ್, ಕ್ಯಾಲರ್ ಎಂಬ ಗ್ಯಾಸ್ ಕಂಪನಿಯ ನೀಲಿಯದರಲ್ಲಿ ಬ್ಯೂಟೇನ್. ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಬ್ಯೂಟೇನ್ ಆವಿಯಾಗುವುದೇ ನಿಲ್ಲುವುದರಿಂದ ಸಿಲಿಂಡರ್ ತುಂಬಿದ್ದರೂ ಹೀಟರ್ ಹೊತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಆದ್ದರಿಂದ ಚಳಿಗಾಲಕ್ಕೆ ಕೆಂಪು ಸಿಲಿಂಡರ್ ಮಾತ್ರ. ಕಾಂಬಿ ಹೀಟರಿನ 4 ಕಿಲೋವ್ಯಾಟ್ ಮಾದರಿಯಾದ ಕಾಂಬಿ 4 ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 320 ಗ್ರಾಂ ಸುಡುವುದರಿಂದ 6 ಕೆ.ಜಿ. ಸಿಲಿಂಡರ್ ಒಂದು ಹಗಲು ರಾತ್ರಿಗೂ ಸಾಲದು.

ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಸುಳಿವು ಕೊಡುವ ಅಲಾರಂ ಇಲ್ಲದ ಗಾಡಿಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ಆಲ್ಡೆ ಇರುವ ಹಳೆಯ ಗಾಡಿಯಾದರೆ ಗ್ಲೈಕಾಲ್ ಬದಲಿಸಿದ ರಸೀದಿಯನ್ನು ಕೇಳಿ ಪಡೆಯಿರಿ: ಸಾಮಾನ್ಯ ದ್ರವವನ್ನು 2 ವರ್ಷಕ್ಕೊಮ್ಮೆ, ದೀರ್ಘಬಾಳಿಕೆಯದನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ರಸೀದಿ ಇಲ್ಲವೆಂದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯುವಂತೆ ಕೇಳುವುದರಲ್ಲಿ ಸಂಕೋಚವೇನೂ ಬೇಡ.